ಬೇರೆ ಪರೀಕ್ಷಕರನ್ನು ಕೊಡಿ

"ನನ್ನನ್ನ ಯಾಕೆ ತೆಗೆಸಿದ್ರಿ?"

ತಾಯಲೂರಿನ ಕೆರೆ ಕಟ್ಟೆಯ ಮೇಲೆ ತ್ರಿವೇಣಿ ಏದುಸಿರು ಬಿಡುತ್ತಾ ನಿಂತಿದ್ದಳು. ತೂಬಿನ ಪಕ್ಕದ ಕಂಬಕ್ಕೆ ಯಂತ್ರ ಬಿಗಿಯುತ್ತಿದ್ದ ಚಂದ್ರಮೋಹನ್ ಕೈಯಿಂದ ಸ್ಪ್ಯಾನರ್ ಜಾರಿತು.

ಕೆರೆ ಕೋಡಿ ಬೀಳುವ ಮೊದಲೇ ಕೆಳಗಿನ ಊರುಗಳ ಫೋನುಗಳಿಗೆ ಎಚ್ಚರಿಕೆ ಕಳಿಸುವ ಸರ್ಕಾರಿ ಯೋಜನೆ ಅದು. ವ್ಯವಸ್ಥೆ ಕಟ್ಟುವವನು ಅವನು. ಅದು ಎಲ್ಲೆಲ್ಲಿ ಕೈಕೊಡಬಹುದೆಂದು ಹುಡುಕಿ, ಎಲ್ಲ ಸರಿಯಾದ ಮೇಲೆ ಸಹಿ ಹಾಕುವವಳು ಅವಳು.

ಕೋಲಾರದ ಮೊದಲ ಸಭೆಯಲ್ಲೇ ಜಗಳ. "ಕರೆಂಟ್ ಹೋದ್ರೆ?" ಎಂದು ಅವಳು ಕೇಳಿದ್ದಕ್ಕೆ ಉದ್ಘಾಟನೆಯೇ ಮುಂದೆ ಹೋಗಿತ್ತು. ಅವನು ಮುಖ ಸಿಂಡರಿಸಿಕೊಂಡಿದ್ದ. ಆಮೇಲೆ ಬ್ಯಾಟರಿ ಹಾಕಿಸಿದ. ಆಮೇಲೆ... ಕೆರೆಯಿಂದ ಕೆರೆಗೆ ಒಂದೇ ಜೀಪಿನಲ್ಲಿ ಓಡಾಟ, ಅವನು ಡಬ್ಬಿಯಲ್ಲಿ ತರುತ್ತಿದ್ದ ಅವರೆಕಾಳು ಉಪ್ಪಿಟ್ಟು, ಮಾತಿಲ್ಲದೆಯೂ ಹಿತವಾಗಿದ್ದ ದಾರಿ.

ಇವತ್ತು ಬೆಳಿಗ್ಗೆ ಕಚೇರಿಯ ಗೆಳತಿ ಶ್ರೀವಾಣಿ ಹೇಳಿದ್ದಳು: "ನಿನ್ನ ಬದಲು ಬೇರೆಯವರನ್ನ ಕೊಡಿ ಅಂತ ಚಂದ್ರಮೋಹನೇ ಸಾಹೇಬ್ರನ್ನ ಕೇಳ್ಕೊಂಡ್ರಂತೆ ಕಣೇ."

ಯಾಕೆ? ತಾನು ಅತಿಯಾಗಿ ತಪ್ಪು ಹುಡುಕಿದೆನೇ? ಹಾಗಾದರೆ ಆ ನಗು, ಆ ಕಾಳಜಿ... ಎಲ್ಲ ಸಹಿಗಾಗಿಯೇ? ಸಹಿಗಾಗಿದ್ದರೆ ಅದು ಸಿಗುವ ಮೊದಲೇ ಯಾಕೆ ದೂರ ಮಾಡಿದ? ಒಂದೂ ತಾಳೆಯಾಗುತ್ತಿರಲಿಲ್ಲ!

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲೆ ಇತ್ತು. ಈಗ... ನಮ್ಮಿಬ್ಬರ ಮೇಲೂ ಇಲ್ಲ."

"ಒಗಟು ಬೇಡ!"

ಕಟ್ಟೆಯ ಮೇಲೆ ಮೇಕೆ ಹೊಡೆದುಕೊಂಡು ಬರುತ್ತಿದ್ದ ಮುನಿಶಾಮಮ್ಮ ಕೂಗಿದಳು: "ಏನ್ ಸಾರೂ, ಆಯಮ್ಮನ್ನ ಅಳಿಸ್ತಿದ್ದೀರಾ? ಕೆರೆ ತುಂಬೋಕೆ ಮಳೆನೇ ಬೇಕಿಲ್ಲ ಬಿಡಿ!"

ತ್ರಿವೇಣಿ ಕಣ್ಣೊರೆಸಿಕೊಂಡಳು. ಮೇಕೆಗಳೆಲ್ಲ ದಾಟಿಹೋದ ಮೇಲೆ ಅವನು ಹೇಳಿದ:

"ಮೊನ್ನೆ ಶ್ರೀನಿವಾಸಪುರದಲ್ಲಿ ಪರೀಕ್ಷೆ ಮಾಡ್ದಾಗ ಎಚ್ಚರಿಕೆ ತಡವಾಗಿ ಹೋಯ್ತು. ನೀವು ನನ್ನ ಮುಖ ನೋಡಿ, 'ಪರ್ವಾಗಿಲ್ಲ, ಸರಿ ಮಾಡ್ತೀರಿ ಬಿಡಿ' ಅಂದ್ರಿ. ಮೊದಲಿನ ತ್ರಿವೇಣಿ ಆಗಿದ್ರೆ ಹಾಗೆ ಬಿಡ್ತಿದ್ರಾ?"

ಅವಳು ತಲೆ ತಗ್ಗಿಸಿದಳು. ನಿಜ... ಬಿಡುತ್ತಿರಲಿಲ್ಲ.

"ನನಗೆ ಖುಷಿಯಾಯ್ತು. ಅದಕ್ಕೇ ಭಯವೂ ಆಯ್ತು. ಇಷ್ಟಪಟ್ಟೋರೇ ಒಬ್ರ ಕೆಲಸ ಒಬ್ರು ಪಾಸ್ ಮಾಡಿದ್ರೆ, ಕೆಳಗಿನ ಊರಿನೋರ ಗತಿ?"

"ಇಷ್ಟ...?"

"ಹೂಂ."

"ಸಾಹೇಬ್ರಿಗೆ ಹೇಳೋಕೆ ಧೈರ್ಯ ಇತ್ತು. ನನಗೆ ಹೇಳೋಕೆ ಏನಾಗಿತ್ತು?"

"ನೀವು ಇಲ್ಲ ಅಂದ್ರೆ ಏನ್ ಮಾಡ್ಬೇಕೋ... ಗೊತ್ತಾಗ್ಲಿಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಬೇರೆಯವರೇ ನೋಡ್ಲಿ. ಒಂದು ತಪ್ಪೂ ಬಿಡ್ಬೇಡಿ ಅಂತ ನಾನೇ ಹೇಳ್ತೀನಿ."

"ಮತ್ತೆ... ನೀವು?"

"ಭಾನುವಾರ ಮಾಲೂರಿಗೆ, ನಮ್ಮನೆಗೆ ಬನ್ನಿ. ಅಪ್ಪನ್ನ ಕೇಳಿ. ಅವರು ತಪ್ಪು ಹುಡುಕೋದ್ರಲ್ಲಿ ನನಗಿಂತ ಮೇಲು."

"ಅಯ್ಯೋ! ನೀವು ಪಕ್ಕದಲ್ಲಿರ್ತೀರಾ?"

"ಇರ್ತೀನಿ ಕಣೋ..."