ಸವತಿಗೆ ಹದಿನಾರು ವರ್ಷ

ಶಿವಕಾಂತಮ್ಮ ತನ್ನ ಸವತಿಯನ್ನು ಮೊದಲ ಸಲ ನೋಡಿದ್ದು ತನ್ನ ಮದುವೆಯ ದಿನ. ಹಂದರದ ಕೆಳಗೆ, ಅತ್ತೆಯಾಗುವವರ ಅಂಗೈಯಲ್ಲಿ.

ಹುಣಸೆಬೀಜದಷ್ಟು ಬೆಳ್ಳಿಯ ಬಿಲ್ಲೆ. ಅದರ ಮೇಲೆ ಅಕ್ಕಸಾಲಿಗ ಒಂದು ಹೆಣ್ಣಿನ ಆಕಾರ ಮೂಡಿಸಿದ್ದ. ಕೈಗಳಿದ್ದವು, ಸೀರೆಯ ನೆರಿಗೆ ಇತ್ತು. ಮುಖದ ಜಾಗದಲ್ಲಿ ಮಾತ್ರ ಬರೀ ಒಂದು ಚುಕ್ಕೆ.

"ತಾಳಿಗಿಂತ ಮೊದಲ ಅಕ್ಕನ್ನ ಕೊಳ್ಳಾಗ ಕಟ್ಟಿಕೋಬೇಕವ್ವಾ," ಎಂದರು ಅತ್ತೆ ಶರಣಬಸಮ್ಮ. "ಈ ಮನಿಗಿ ಅಕಿ ಮೊದಲ ಬಂದಾಕಿ."

ಎರಡನೆಯ ಸಂಬಂಧಕ್ಕೆ ಬಂದ ಹೆಣ್ಣು ತೀರಿಹೋದ ಮೊದಲ ಹೆಂಡತಿಯನ್ನು ಹೀಗೆ ಕೊರಳಲ್ಲಿ ಹೊರಬೇಕು. ಸವತಿ ತಾಳಿ ಅನ್ನುತ್ತಾರೆ ಅದಕ್ಕೆ. ಇದೆಲ್ಲ ಶರಣರ ಧರ್ಮದಲ್ಲಿ ಇಲ್ಲ ಎಂದು ಮಠದ ಅಯ್ಯನವರು ಹೇಳುತ್ತಿದ್ದರು. ಆದರೇನು, ಅಯ್ಯನವರ ಮಾತು ಮಠದಲ್ಲಿ, ಅತ್ತೆಯ ಮಾತು ಮನೆಯಲ್ಲಿ!

ತಣ್ಣಗಿನ ಬೆಳ್ಳಿ ಗಂಟಲ ಕುಳಿಗೆ ತಾಗಿತು. ಶಿವಕಾಂತಮ್ಮ ಮೆಲ್ಲಗೆ ತಲೆ ಎತ್ತಿದಳು. ಎದುರಿಗೆ ಬಾಸಿಂಗ ಕಟ್ಟಿಕೊಂಡು ನಿಂತಿದ್ದ ದೇವಿಂದ್ರಪ್ಪ. ಶಹಾಬಾದಿನ ಕಲ್ಲುಗಣಿಯಲ್ಲಿ ಮೇಸ್ತ್ರಿ, ಮೂವತ್ತನಾಲ್ಕರ ಗಂಡು. ಅವಳಿಗೂ ಇಪ್ಪತ್ತೇಳು ದಾಟಿತ್ತು. ಅವ್ವ ಎಳವೆಯಲ್ಲೇ ಹೋಗಿದ್ದಳು, ಆಮೇಲೆ ಅಪ್ಪ, ಆಮೇಲೆ ರಜಾಕಾರರ ಗದ್ದಲ. ಸೇಡಂನ ಅಣ್ಣನ ಮನೆಯಲ್ಲಿ ಅವಳ ಮದುವೆ ಮುಂದಕ್ಕೆ ಹೋಗುತ್ತಲೇ ಇತ್ತು. ಪೊಲೀಸ್ ಕಾರ್ಯಾಚರಣೆ ಮುಗಿದ ಮರುವರ್ಷ ಈ ಸಂಬಂಧ ಬಂದಾಗ, ಎರಡನೆಯದಾದರೂ ಆಗಲಿ ಎಂದು ಅವಳೇ ಒಪ್ಪಿಕೊಂಡಿದ್ದಳು.

ಅವನ ಕಣ್ಣು ತುಂಬಿತ್ತು. ಆದರೆ ಆ ಕಣ್ಣು ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ... ಬಿಲ್ಲೆಯನ್ನು.

'ಅಯ್ಯೋ ಶಿವನೇ, ಇವರು ಲಗ್ನ ಆಗುತ್ತಿರುವುದು ನನ್ನನ್ನೋ, ಇವಳನ್ನೋ?'

ಆ ಗಳಿಗೆಯಲ್ಲಿ ಹತ್ತಿದ ಕಿಚ್ಚು ಏಳು ವರ್ಷ ಆರಲಿಲ್ಲ.

ಸವತಿಯ ಹೆಸರು ವಿಮಲಾಬಾಯಿ. ಚಿತ್ತಾಪುರದವಳು. ಮದುವೆಯಾಗಿ ಗಂಡನ ಮನೆಗೆ ಬಂದ ವರ್ಷವೇ ಕಾಲರಾಕ್ಕೆ ಸಿಕ್ಕು ಹದಿನಾರಕ್ಕೇ ಹೋದಳು. ದೇವಿಂದ್ರಪ್ಪನಿಗೆ ಆಗ ಇಪ್ಪತ್ತು. ಆಮೇಲೆ ಎಷ್ಟೋ ಹೆಣ್ಣು ಬಂದವು, ಹದಿನಾಲ್ಕು ವರ್ಷ ಅವನು ಎಲ್ಲಕ್ಕೂ ಒಲ್ಲೆ ಅಂದನಂತೆ. ಅಂಥ ಪ್ರೀತಿಯನ್ನು ತಾವು ಕಂಡಿಲ್ಲ ಎಂದು ಓಣಿಯ ಹೆಂಗಸರು ಶಿವಕಾಂತಮ್ಮನ ಎದುರಿಗೇ ನಿಟ್ಟುಸಿರು ಬಿಡುತ್ತಿದ್ದರು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದನ್ನು ಜನಕ್ಕೆ ಯಾರಾದರೂ ಕಲಿಸಬೇಕೇ?

ಹಬ್ಬದ ಹೋಳಿಗೆಯ ಮೊದಲ ಚೂರು ಬಿಲ್ಲೆಗೆ. ಹೊಸ ಸೀರೆ ಬಂದರೆ ಅದರ ಸೆರಗು ಮೊದಲು ಬಿಲ್ಲೆಗೆ ತಾಗಿಸಿ, ಅಕ್ಕಾ ನೀ ಉಟ್ಟು ನನಗೆ ಕೊಡು ಅನ್ನಬೇಕು. ಶಿವಕಾಂತಮ್ಮ ಬಾಯಲ್ಲಿ ಅಕ್ಕಾ ಅನ್ನುತ್ತಿದ್ದಳು. ಮನಸ್ಸಿನಲ್ಲಿ ಅನ್ನುತ್ತಿದ್ದದ್ದನ್ನು ಇಲ್ಲಿ ಬರೆಯುವುದು ಬೇಡ ಬಿಡಿ.

ಎರಡು ಸಲ ಬಸಿರಾದಳು. ಎರಡೂ ನಿಲ್ಲಲಿಲ್ಲ. ಅಕ್ಕನ ಮನಸ್ಸು ಎಲ್ಲೋ ನೊಂದಿದೆ ಎಂದು ಅತ್ತೆ ಬಿಲ್ಲೆಗೆ ಕುಂಕುಮ ಹಚ್ಚಿ ಕೈ ಮುಗಿಸಿದರು. ಅಂದು ಶಿವಕಾಂತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಚುಕಿದಳು.

'ಗಂಡ ನಿನ್ನವನೇ. ಮನೆ ನಿನ್ನದೇ. ನನ್ನ ಕೂಸಾದರೂ ನನಗೆ ಬಿಡಬಾರದಿತ್ತೇ?'

ದೇವಿಂದ್ರಪ್ಪ ಕೆಟ್ಟವನಲ್ಲ. ಕೈ ಎತ್ತಿದವನಲ್ಲ, ಏರುದನಿಯಲ್ಲಿ ಮಾತಾಡಿದವನಲ್ಲ. ಕೆಟ್ಟವನಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು! ಅವನ ಮೇಲೆ ಅವಳಿಗೆ ಜೀವ ಹೋಗುವಷ್ಟು ಪ್ರೀತಿ. ಆದರೆ ಊಟಕ್ಕೆ ಕುಳಿತಾಗ ಅವಳು ಬಡಿಸಲು ಬಗ್ಗಿದರೆ ಸಾಕು, ಅವನ ಕಣ್ಣು ನೇರ ಬಿಲ್ಲೆಗೆ ಹೋಗುತ್ತಿತ್ತು. ಕೈಯಲ್ಲಿದ್ದ ತುತ್ತು ಅಲ್ಲೇ ನಿಲ್ಲುತ್ತಿತ್ತು. ಅವಳ ಎದೆಯಲ್ಲಿ ಕಲ್ಲು ಒಡೆಯುತ್ತಿತ್ತು.

ಮದುವೆಯ ಏಳನೆಯ ವರ್ಷ ಯುಗಾದಿಗೆ ಎಣ್ಣೆ ಹಚ್ಚಿಕೊಳ್ಳುವಾಗ ಅವಳಿಗೆ ಬಿಳಿ ಕೂದಲು ಕಂಡಿತು. ಒಂದಲ್ಲ ಎರಡಲ್ಲ, ಬೈತಲೆಯ ಪಕ್ಕ ಒಂದು ಗೆರೆಯಷ್ಟು. ಕನ್ನಡಿಯನ್ನು ಕೆಳಗಿಟ್ಟಳು. ತನಗೆ ಮೂವತ್ತನಾಲ್ಕು. ಮುಂದಿನ ವರ್ಷ ಮೂವತ್ತೈದು. ಆಕೆಗೆ? ಹೋದ ವರ್ಷವೂ ಹದಿನಾರು, ಬರುವ ವರ್ಷವೂ ಹದಿನಾರು. ಗಂಡ ಮುದುಕನಾಗಿ ಕೋಲು ಹಿಡಿದರೂ ಆಕೆಗೆ ಹದಿನಾರೇ. ಇಂಥವಳ ಜೊತೆ ಯಾರು ತಾನೇ ಪೈಪೋಟಿ ಮಾಡಿಯಾರು?

ನೆರೆಮನೆಯ ರಶೀದಾಬೇಗಂ ಇವಳ ಅಳಲು ಕೇಳಿ ನಕ್ಕುಬಿಟ್ಟಳು. ಬದುಕಿದ್ದ ಸವತಿಯಾದರೆ ಜಗಳವಾಡಿ ಓಡಿಸಬಹುದು, ಸತ್ತವಳು ಎಲ್ಲಿಗೆ ಹೋಗಬೇಕು ಎಂದು ಕೇಳಿದಳು. ಶಿವಕಾಂತಮ್ಮನಿಗೆ ನಗು ಬರಲಿಲ್ಲ.

ಮುಂದಿನ ವಾರ ದೇವಿಂದ್ರಪ್ಪ ಒಂದು ಸೀರೆ ತಂದ. ಎಲೆಹಸಿರು ಬಣ್ಣ, ಸಣ್ಣ ಅಂಚು. ಅವಳ ಮುಖ ಅರಳಿತು. ನನ್ನ ಬಿಳಿ ಕೂದಲು ನೋಡಿಯೂ ತಂದಿದ್ದಾರಲ್ಲ... ಎಂದುಕೊಂಡು ಒಲೆಯ ಮುಂದೆ ಒಬ್ಬಳೇ ನಕ್ಕಳು.

ಬೆಳಗ್ಗೆ ಎದ್ದು ನೋಡಿದರೆ ಅವನೂ ಇಲ್ಲ, ಸೀರೆಯೂ ಇಲ್ಲ. ಚಿತ್ತಾಪುರಕ್ಕೆ ಹೋಗಿದ್ದಾನೆ, ವಿಮಲಿಯ ತವರಿಗೆ, ಆಗಾಗ ಹೋಗುವುದು ಇದ್ದದ್ದೇ ಅಲ್ಲವೇ ಎಂದರು ಅತ್ತೆ.

ಹೋಗುವುದು ಇದ್ದದ್ದೇ ಅಂತೆ! ಗಣಿಯ ಕೆಲಸ ಎಂದು ಹೇಳಿ ಏಳು ವರ್ಷ ಅಲ್ಲಿಗೆ ಹೋಗುತ್ತಿದ್ದರೇ? ಸತ್ತವಳಿಗೂ ಸೀರೆ ಉಡಿಸುತ್ತಾರೆಯೇ?

ಅವನು ಸಂಜೆ ಮರಳಿದ. ಅವಳು ಏನೂ ಕೇಳಲಿಲ್ಲ. ಮರುದಿನ ಅವನು ಗಣಿಗೆ ಹೋದ ಮೇಲೆ ಬಿಲ್ಲೆಯನ್ನು ಕೊರಳಿಂದ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಣ್ಣನ ಮನೆಗೆ ಸೇಡಂಗೆ ಹೋಗುತ್ತೇನೆ ಎಂದು ಅತ್ತೆಗೆ ಹೇಳಿ ಹೊರಬಿದ್ದಳು. ವಾಡಿಯಲ್ಲಿ ಗಾಡಿ ಬದಲಾಯಿಸಿ ಚಿತ್ತಾಪುರದಲ್ಲಿ ಇಳಿದಳು. ದಾರಿಯುದ್ದಕ್ಕೂ ಡಬ್ಬಿಯಲ್ಲಿ ಜನ, ಹೈದರಾಬಾದ್ ರಾಜ್ಯ ಒಡೆಯುತ್ತದಂತೆ, ನಾವೆಲ್ಲ ಮೈಸೂರಿಗಂತೆ ಎಂದು ಗದ್ದಲ ಮಾಡುತ್ತಿದ್ದರು. ಅವಳಿಗೆ ಅದಾವುದೂ ಕಿವಿಗೆ ಬೀಳಲಿಲ್ಲ. ಹೇಳಬೇಕಾದ ಮಾತನ್ನೇ ಬಾಯಲ್ಲಿ ಹೊರಳಿಸುತ್ತಿದ್ದಳು. 'ನಿಮ್ಮ ಮಗಳನ್ನ ನೀವೇ ಇಟ್ಟುಕೊಳ್ರಿ. ನನಗ ಹೊತ್ತು ಸಾಕಾಗ್ಯಾದ.'

ವಿಮಲಾಬಾಯಿಯ ತಾಯಿ ಮಾಣಿಕಮ್ಮ ಜಗುಲಿಯ ಮೇಲೆ ಕುಳಿತಿದ್ದಳು. ಕಣ್ಣಿಗೆ ಪೊರೆ ಬಂದ ಮುದುಕಿ. ಗಂಡನಿಲ್ಲ, ಗಂಡುಮಕ್ಕಳಿಲ್ಲ. ಮೈಮೇಲೆ ಆ ಎಲೆಹಸಿರು ಸೀರೆ.

ಶಹಾಬಾದಿನಿಂದ ಬಂದವಳು ಎಂದದ್ದೇ ತಡ, ಮುದುಕಿಯ ಎರಡೂ ಕೈ ಗಾಳಿಯಲ್ಲಿ ಹುಡುಕುತ್ತಾ ಬಂದು ಅವಳ ಮುಖ ಹಿಡಿದವು.

"ಬಂದ್ಯಾ ಯವ್ವಾ... ತವರಿಗಿ ಬರಾಕ ಏಳು ವರ್ಷ ಬೇಕಾಯ್ತೇನು?"

ಸವತಿ ತಾಳಿ ಕಟ್ಟಿಕೊಂಡವಳು ಸತ್ತವಳ ತಾಯಿಗೆ ಮಗಳಾಗುತ್ತಾಳೆ. ಆ ಮನೆ ಅವಳಿಗೆ ತವರು. ಇದೂ ಅದೇ ಪದ್ಧತಿಯ ಇನ್ನೊಂದು ಅರ್ಧ. ಹೋಳಿಗೆ ಮುಟ್ಟಿಸುವುದನ್ನು ಮರೆಯದ ಅತ್ತೆ ಇದನ್ನು ಮಾತ್ರ ಸೊಸೆಗೆ ಹೇಳಿರಲಿಲ್ಲ. ಅಳಿಯ ಬಂದಾಗಲೆಲ್ಲ, ಮಗಳನ್ನು ಕಳುಹಿಸು ಎಂದು ಮಾಣಿಕಮ್ಮ ಅವನನ್ನು ಕೇಳುತ್ತಿದ್ದಳಂತೆ. ಅಕಿಗಿ ಈ ಸುದ್ದಿಯೇ ನೋವು ಅತ್ತಿ, ತಡೀರಿ ಅನ್ನುತ್ತಿದ್ದನಂತೆ ಅವನು.

ಮುದುಕಿಯ ಅಂಗೈ ಶಿವಕಾಂತಮ್ಮನ ನೆತ್ತಿಯ ಮೇಲೆ ಇಳಿಯಿತು. ಅವ್ವನ ಕೈ ಎಂಬುದು ಹೇಗಿರುತ್ತದೆ ಎಂದು ಅವಳಿಗೆ ಮರೆತೇ ಹೋಗಿತ್ತು. ಬಾಯಲ್ಲಿದ್ದ ಜಗಳ ಅಲ್ಲೇ ಕರಗಿತು.

ಆ ಕೈ ಕೊರಳಿಗೆ ಬಂದು ತಡಕಿತು. ಬಿಲ್ಲೆ ಇರಲಿಲ್ಲ. ಶಿವಕಾಂತಮ್ಮ ನಾಚಿಕೆಯಿಂದ ಸೆರಗಿನ ಗಂಟು ಬಿಚ್ಚಿ ಅದನ್ನು ಮುದುಕಿಯ ಕೈಗಿಟ್ಟಳು. ಮಾಣಿಕಮ್ಮ ಸಿಟ್ಟಾಗಲಿಲ್ಲ. ಹೆಬ್ಬೆರಳಿನಿಂದ ಆ ಚುಕ್ಕೆಯನ್ನು ಸವರಿದಳು.

"ಇದರಾಗ ನನ್ನ ಮಗಳು ಎಲ್ಲಿ ಅದಾಳ? ಅಕಿ ಮುಖ ಎಂಥಾದಿತ್ತು, ನಿನಗ ಯಾರರ ಹೇಳ್ಯಾರೇನು?"

ಯಾರೂ ಹೇಳಿರಲಿಲ್ಲ. ಶಿವಕಾಂತಮ್ಮ ಕೇಳಬಾರದೆಂದು ತುಟಿ ಕಚ್ಚಿ ಹಿಡಿದಳು. ಆದರೆ ಹೊಟ್ಟೆಕಿಚ್ಚು ಸುಮ್ಮನಿರುತ್ತದೆಯೇ?

"ಭಾಳ ಚಂದ ಇದ್ದಳೇನು?"

ಮುದುಕಿಯ ಮುಖ ಬೆಳಗಿತು. ಚಂದವೆಂದರೆ ಚಂದ, ಊರಲ್ಲಿ ಅಂಥ ಹುಡುಗಿ ಇನ್ನೊಬ್ಬಳಿರಲಿಲ್ಲ, ನೀರಿಗೆ ಹೋದರೆ ಮುದುಕರೂ ತಿರುಗಿ ನೋಡುತ್ತಿದ್ದರು ಎಂದಳು. ಮಾತು ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಹಲ್ಲುಗಳ ನಡುವಿನ ಸಂದು, ಅದನ್ನು ಮುಚ್ಚಲು ಬಾಯಿಗೆ ಕೈ ಅಡ್ಡ ಹಿಡಿದು ನಗುವುದು, ರೈಲಿನ ಸೀಟಿಗೆ ಹೆದರಿ ಕಿವಿ ಮುಚ್ಚಿಕೊಳ್ಳುವುದು, ಎಲ್ಲ ಹೇಳಿದಳು. ಗಂಡನ ಮನೆಗೆ ಹೊರಟ ದಿನ ಹುಡುಗಿ ಗೊಂಬೆಗಳನ್ನೂ ಗಂಟಿನಲ್ಲಿ ಕಟ್ಟಿಕೊಂಡಿತ್ತಂತೆ. ನಗುತ್ತಾರೆ ಎಂದು ಅವ್ವನೇ ತೆಗೆದಿರಿಸಿದಳಂತೆ.

ಗೊಂಬೆ! ಏಳು ವರ್ಷ ತಾನು ಬೈದದ್ದು ಗೊಂಬೆ ಕಟ್ಟಿಕೊಂಡು ಹೊರಟ ಒಂದು ಹುಡುಗಿಯನ್ನೇ?

ಹೊರಡುವಾಗ ಬಿಲ್ಲೆ ಇಲ್ಲೇ ಇರಲಿ, ನೀನು ಬಂದು ಹೋಗುತ್ತಿರು, ಅಷ್ಟು ಸಾಕು ಎಂದಳು ಮಾಣಿಕಮ್ಮ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದಳು. ಅಳಿಯ ಬಂದರೆ ಸುಮ್ಮನೆ ಕೂರುತ್ತಾನೆ, ಒಂದು ದಿನವೂ ವಿಮಲಿಯ ಸುದ್ದಿ ತೆಗೆಯುವುದಿಲ್ಲ, ತಾಳಿಕೊಳ್ಳಲು ಆಗುವುದಿಲ್ಲ ಅವನಿಗೆ, ಅಷ್ಟು ಜೀವ ಅವಳ ಮೇಲೆ.

ತಣ್ಣಗಾಗಿದ್ದ ಎದೆಗೆ ಮತ್ತೆ ಕಿಡಿ ಬಿತ್ತು. ಅಷ್ಟು ಚೆಲುವೆಯನ್ನು ಯಾವ ಗಂಡು ಮರೆತಾನು?

ಸಂಜೆ ವಾಡಿಯಲ್ಲಿ ಗಾಡಿ ಇಳಿದರೆ ಎದುರಿಗೇ ದೇವಿಂದ್ರಪ್ಪ. ಗಣಿಯ ಧೂಳು ತೊಳೆಯದ ಮೈ, ಕಾಲಲ್ಲಿ ಚಪ್ಪಲಿ ಕೂಡ ಇಲ್ಲ. ಸೇಡಂನ ಗಾಡಿಗೆ ಕಾಯುತ್ತಿದ್ದ. ಅವಳು ತವರಿಗೆ ಹೋದಳೆಂದು ಅತ್ತೆ ಹೇಳಿದ ರೀತಿಗೆ, ಇನ್ನು ಬರುವುದಿಲ್ಲವೆಂದೇ ತಿಳಿದು ಓಡಿ ಬಂದಿದ್ದ.

ಅವನ ಕಣ್ಣು ಅವಳ ಬರಿಗೊರಳಿನ ಮೇಲೆ ನಿಂತಿತು. ನೋಡಿದಿರಾ, ಮತ್ತೆ ಅಲ್ಲಿಗೇ!

"ಯಾಕ ಬಂದ್ರಿ? ಅಕಿನ್ನ ಹೊರಾಕ ಒಂದು ಕೊಳ್ಳು ಬೇಕಂತೇನು?" ಎಂದಳು. "ಅಕಿನ್ನ ಅಕಿ ಅವ್ವನ ಕೈಯಾಗ ಕೊಟ್ಟು ಬಂದೀನಿ. ಇನ್ನ ಊಟಕ್ಕ ಕುಂತಾಗ ಯಾರನ್ನ ನೋಡತೀರಿ?"

ದೇವಿಂದ್ರಪ್ಪ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಸಿದು ಕುಳಿತ. ಆಮೇಲೆ ನೆಲ ನೋಡುತ್ತ ಅಂದ.

"ಅಕಿ ಮುಖ ನನಗ ನೆನಪಿಲ್ಲ."

"ಏನಂದ್ರಿ?"

"ನೆನಪಿಲ್ಲ ಶಿವಕಾಂತಾ. ಆ ಬಿಲ್ಲಿ ನೋಡಿದ್ರ ಇವತ್ತರ ನೆನಪಾಗತದೇನೋ ಅಂತ ನೋಡತಿದ್ದೆ. ಒಂದಿನಾನೂ ಆಗಲಿಲ್ಲ. ಅಕಿ ಅವ್ವಗ ಹೆಂಗ ಕೇಳಲಿ? ನಿಮ್ಮ ಮಗಳ ಮುಖ ಮರತೀನಿ ಅಂತ ಯಾವ ಬಾಯಿಲೆ ಹೇಳಲಿ?"

ಇದಕ್ಕಾಗಿಯೇ ಅಲ್ಲವೇ ಅವಳು ಏಳು ವರ್ಷ ಹಂಬಲಿಸಿದ್ದು? ಅವನ ಎದೆಯಲ್ಲಿ ಆಕೆ ಇರಬಾರದು ಎಂದು ತಾನೇ? ಈಗ ಕುಣಿದಾಡಬೇಕಿತ್ತು. ಬದಲಿಗೆ ಅವಳಿಗೆ ಸಿಟ್ಟು ಉಕ್ಕಿ ಬಂತು... ಗಂಡನ ಮೇಲೆ, ಸವತಿಯ ಪರವಾಗಿ!

"ನಿಮ್ಮ ಮನ್ಯಾಗ ಬಾಳ್ವೆ ಮಾಡಿದಾಕಿ ಅಕಿ. ಅಂಥಾ ಹುಡುಗಿ ಮುಖ ಹೆಂಗ ಮರತ್ರಿ?"

ಅವನು ಹೇಳಿದ. ಹಗಲಲ್ಲಿ ಹಿರಿಯರ ಮುಂದೆ ಹೆಂಡತಿಯ ಕಡೆ ನೋಡುವ ಹಾಗಿರಲಿಲ್ಲ. ಅವಳು ಮೂಗಿನವರೆಗೆ ಸೆರಗೆಳೆದು ಗೋಡೆಗೆ ಅಂಟಿಕೊಂಡು ಓಡಾಡುತ್ತಿದ್ದಳು. ಕೋಣೆಗೆ ಬರುವ ಮೊದಲೇ ದೀಪ ಆರಿಸುತ್ತಿದ್ದಳು.

"ನೋಡಿದ್ರಾಯ್ತು, ಇನ್ನ ಭಾಳ ದಿನ ಅದಾವ ಅಂದುಕೊಂಡೆ," ಎಂದ. "ಒಂದು ಹುಡುಗಿ ಮುಖ ಕಾಯಲಾರದವ ಇನ್ನೊಬ್ಬಳನ್ನ ಹೆಂಗ ತರಲಿ ಅಂತ ಲಗ್ನಾನೇ ಒಲ್ಲೆ ಅಂದೆ. ಜನ ಅದಕ್ಕ ಪ್ರೀತಿ ಅಂದ್ರು. ನಾ ಸುಮ್ಮಿದ್ದೆ."

ಶಿವಕಾಂತಮ್ಮ ಅವನ ಪಕ್ಕ ಕುಳಿತಳು.

"ಮತ್ತ ನನ್ನ ಮುಖ?" ಕೇಳಲೇಬೇಕಾಗಿತ್ತು ಅವಳಿಗೆ.

"ನಿಂದಾ?" ಅವನು ಮೊದಲ ಬಾರಿ ತಲೆ ಎತ್ತಿದ. "ಸಿಟ್ಟು ಬಂದ್ರ ಕೆಳತುಟಿ ಹಲ್ಲಾಗ ಹಿಡೀತಿ. ಜ್ವಾಳ ಹಸನ ಮಾಡುವಾಗ ಯಾರ ಜೋಡಿಯೋ ಬಾಯೊಳಗ ಜಗಳಾಡತಿ. ಕೂಸು ಹೋದ ದಿನ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ದಿ. ನೀ ನಿದ್ದಿ ಹತ್ತಿದ ಮ್ಯಾಲ ಈ ಕಡೆ ಬಂದು ಕುಂತು ನೋಡಿದೆ. ನಿನ್ನ ಕಣ್ಣು ಬಾತಿದ್ವು. ಈಕಿ ಮುಖಾನೂ ಮರತ್ರ ನಾ ಮನುಷ್ಯಾನೇ ಅಲ್ಲ ಅಂತ ದಿನಾ ಕದ್ದು ನೋಡತೀನಿ. ನೀ ನೋಡಿದ್ರ ಮಾತ್ರ ನಾಚಿಕಿ ಬರತದ."

ಶಿವಕಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಪ್ಲಾಟ್‌ಫಾರ್ಮಿನ ಜನ ನೋಡಿದರೆ ನೋಡಲಿ. ಸೇಡಂನ ಗಾಡಿ ಬಂದು ಹೊರಟುಹೋಯಿತು. ಇಬ್ಬರೂ ಏಳಲಿಲ್ಲ.

ಅಳು ನಿಂತ ಮೇಲೆ ಅವನ ಧೂಳು ಹಿಡಿದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಕೇಳ್ರಿ," ಎಂದಳು. "ಮುಂದಿನ ಹಲ್ಲಾಗ ಸಂದಿತ್ತು ಅಕಿಗಿ. ಅದಕ್ಕ ಬಾಯಿಗಿ ಕೈ ಅಡ್ಡ ಹಿಡಿದು ನಗತಿದ್ದಳು. ರೈಲಿನ ಸೀಟಿ ಕೇಳಿದ್ರ ಎರಡೂ ಕಿವಿ ಮುಚ್ಚಿಕೋತಿದ್ದಳು..."

ಅವನು ಕಣ್ಣು ಮುಚ್ಚಿ ಕೇಳಿದ. ಮೂಗಿನಿಂದ ಗದ್ದದವರೆಗೆ, ನಡಿಗೆಯಿಂದ ಗೊಂಬೆಗಳವರೆಗೆ ಅವಳು ಏನನ್ನೂ ಬಿಡದೆ ಹೇಳಿದಳು. ನಡುವೆ ಒಮ್ಮೆ ಅವನು, ಹೌದು, ಸೆರಗಿನೊಳಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು, ಅದು ನೆನಪಾಯಿತು ಎಂದು ಬಿಕ್ಕಿದ. ಶಿವಕಾಂತಮ್ಮ ಅವನ ಬೆನ್ನು ಸವರಿದಳು.

ಕೊನೆಗೆ ಅವನು ಮೆಲ್ಲಗೆ ಕೇಳಿದ.

"ಚಂದ ಇದ್ದಳೇನು?"

ನೀರಿಗೆ ಹೋದರೆ ಮುದುಕರೂ ತಿರುಗಿ ನೋಡುತ್ತಿದ್ದರಂತೆ... ಆ ಮಾತು ಶಿವಕಾಂತಮ್ಮನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದಳು.

"ಇದ್ದಳು," ಎಂದಳು. "ನನಗಿಂತ ಒಂಚೂರು ಕಮ್ಮಿ."

ದೇವಿಂದ್ರಪ್ಪ ಕಣ್ಣು ತೆರೆದ. ಕದ್ದು ಅಲ್ಲ, ನಾಚಿಕೆಯಿಂದ ಅಲ್ಲ, ಇನ್ನೂ ಉಳಿದಿದ್ದ ಹಗಲಿನ ಬೆಳಕಿನಲ್ಲಿ ಎಲ್ಲರ ಮುಂದೆ ಅವಳ ಮುಖವನ್ನು ಸಾವಕಾಶವಾಗಿ ನೋಡಿದ.

"ಹೌದು," ಎಂದ.