ಬಾಗಿಲ ಮೇಲಿನ ಬೂದುಗುಂಬಳ

ಕೋಲಾರದ ಹಳೆಯ ಚಿನ್ನದ ಗಣಿ ಕಾಲೊನಿಯಲ್ಲಿ, ಮುನಿರತ್ನಮ್ಮನ ದೋಸೆ ಹೋಟೆಲಿನ ಬಾಗಿಲಿಗೆ ಸರಿಯಾಗಿ, ಆಳೆತ್ತರದ ಉಕ್ಕಿನ ಕೊಳವೆಯೊಂದು ನಿಂತಿತ್ತು. ಗಾಳಿಯನ್ನೆಲ್ಲ ಹೊರತೆಗೆದ ಅದರ ಹೊಟ್ಟೆಯಲ್ಲಿ ರುಬಿಡಿಯಮ್ ಪರಮಾಣುಗಳ ಚಿಟಿಕೆಯಷ್ಟು ಮೋಡ ತುದಿಯವರೆಗೆ ಚಿಮ್ಮುತ್ತಿತ್ತು, ಬೀಳುತ್ತಿತ್ತು. ಲೇಸರ್ ಬೆಳಕು ಆ ಪರಮಾಣುಗಳ ಓಡಾಟವನ್ನೆಲ್ಲ ತಡೆದು, ಬಾಹ್ಯಾಕಾಶಕ್ಕಿಂತಲೂ ತಣ್ಣಗೆ ಮಾಡಿ ಇಟ್ಟಿತ್ತು.

ಅಂಥ ಚಳಿಯಲ್ಲಿ ಒಂದು ಪರಮಾಣು ಇನ್ನೊಂದರ ಹಂಗಿಲ್ಲದೆ ಇರುವುದಿಲ್ಲ. ಒಂದಕ್ಕಾದದ್ದು ಎಲ್ಲಕ್ಕೂ ಹಬ್ಬುತ್ತದೆ. ಹಿಂದಿನ ವಿಜ್ಞಾನಿಗಳಿಗೆ ಈ ಕಲಸುಮೇಲೋಗರವೇ ತಲೆನೋವು. ಈ ಯಂತ್ರವನ್ನು ರೂಪಿಸಿದ ಡಾ. ಶಾರ್ವರಿ ಅದನ್ನೇ ಕೆಲಸಕ್ಕೆ ಹಚ್ಚಿದಳು. ಪರಮಾಣುಗಳನ್ನು ಸ್ವಲ್ಪ ಹೊತ್ತು ಬೆರೆಯಲು ಬಿಟ್ಟು, ಬೆರೆತ ದಾರಿಯಲ್ಲೇ ಹಿಂದಕ್ಕೆ ಬಿಡಿಸುವುದು. ನಡುವೆ ಗುರುತ್ವದ ಎಳೆತ ಎಳ್ಳಷ್ಟು ಬದಲಾದರೂ ಮೋಡ ಮೊದಲಿನಂತೆ ಮರಳುವುದಿಲ್ಲ, ಆ ವ್ಯತ್ಯಾಸ ಎದ್ದು ಕಾಣುತ್ತದೆ. ನೆಲದಡಿ ಬಂಡೆಯಿದ್ದರೆ ಎಳೆತ ಹೆಚ್ಚು, ಟೊಳ್ಳಿದ್ದರೆ ಕಡಿಮೆ. ನಕ್ಷೆಗಳಲ್ಲಿ ಇಲ್ಲದ ಎಷ್ಟೋ ಹಳೆಯ ಗಣಿ ಸುರಂಗಗಳನ್ನು ಹೀಗೆ ಪತ್ತೆಹಚ್ಚಿ ತುಂಬಿಸಿದ್ದರು. 2063ರ ಆ ಬೇಸಿಗೆಯಲ್ಲಿ ಕಾಲೊನಿಯ ಜನ ಅಂತೂ ನೆಲ ಕುಸಿದೀತೆಂದು ಹೆದರದೆ ನಿದ್ದೆ ಮಾಡುತ್ತಿದ್ದರು.

ಮುನಿರತ್ನಮ್ಮನೊಬ್ಬಳಿಗೆ ಮಾತ್ರ ಆ ನಿದ್ದೆ ಇಲ್ಲ. ಬೇರೆ ಮನೆಗಳ ಮುಂದೆ ಯಂತ್ರವನ್ನು ರಸ್ತೆಯಲ್ಲೇ ಇಟ್ಟು ಅಳೆದಿದ್ದರು. ಈಕೆ ಕೇಳಬೇಕಲ್ಲ! ಹೆಣ್ಣುಮಗಳು ಬಿಸಿಲಲ್ಲಿ ಬೇಯುವುದೇ ಎಂದು ಯಂತ್ರವನ್ನು ಬಾಗಿಲ ನೆರಳಿಗೆ ತರಿಸಿ, ಶಾರ್ವರಿಯ ಕೈಗೆ ಮಜ್ಜಿಗೆ ಕೊಟ್ಟಿದ್ದಳು. ಪರದೆಯ ಮೇಲೆ ಬಂದ ಉತ್ತರ: ಅಡಿಯಲ್ಲಿ ಟೊಳ್ಳು. ಅದು ಮನೆಯ ಅಡಿಗೇ ಇದ್ದುದರಿಂದ, ಮರು ಅಳತೆಯಲ್ಲೂ ಹಾಗೇ ಬಂದರೆ ಮನೆ ಬಿಡಬೇಕು. ಆಕೆಗೆ ಮನೆಯೂ ಅದೇ, ಹೋಟೆಲೂ ಅದೇ, ಬೇರೆ ನೆಲೆ ಇಲ್ಲ. ಅಂದಿನಿಂದ ಹಿಟ್ಟು ರುಬ್ಬುವಾಗಲೂ ಆಕೆಯ ಕಣ್ಣು ನೆಲದ ಮೇಲೇ. ಶಾರ್ವರಿಗೂ ಸಂಕಟ. ಮರು ಅಳತೆಗೆ ಬಂದ ದಿನ ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಯಂತ್ರವನ್ನು ಅದೇ ಬಾಗಿಲಲ್ಲಿ, ಅದೇ ಗುರುತಿನ ಮೇಲೆ ನಿಲ್ಲಿಸಿದಳು. ಟೊಳ್ಳು ಮಾಯ! ನೆಲ ಹೀಗೆ ತನ್ನಷ್ಟಕ್ಕೆ ತುಂಬಿಕೊಳ್ಳುವುದುಂಟೇ? ಎರಡೆರಡು ಸಲ ಅಳೆದಳು, ಬದಲಾಗಲಿಲ್ಲ. ಕೊನೆಗೆ, ಹೋದ ಸಲಕ್ಕೂ ಈ ಸಲಕ್ಕೂ ಮನೆಯಲ್ಲಿ ಏನಾದರೂ ವ್ಯತ್ಯಾಸವಾಗಿದೆಯೇ ಎಂದು ಮುನಿರತ್ನಮ್ಮನನ್ನೇ ಕೇಳಿದಳು.

“ಏನೂ ಇಲ್ಲಮ್ಮ. ಇವತ್ತು ಅಮಾಸೆ ಅಲ್ವಾ, ದೃಷ್ಟಿಗೆ ಕಟ್ಟಿದ್ದ ಹಳೇ ಕುಂಬಳಕಾಯಿ ಇಳಿಸ್ದೆ. ಹೊಸದು ಇನ್ನೂ ಕಟ್ಟಿಲ್ಲ.”

ಶಾರ್ವರಿ ತಲೆಯೆತ್ತಿದಳು. ಕೊಳವೆಯ ನೆತ್ತಿಗೆ ನೇರವಾಗಿ ಬರಿಯ ಹಗ್ಗ ನೇತಾಡುತ್ತಿತ್ತು. ಗೋಡೆ, ಚಾವಣಿಗಳ ತೂಕವನ್ನೆಲ್ಲ ಯಂತ್ರ ತನ್ನ ಕ್ಯಾಮೆರಾದಲ್ಲಿ ನೋಡಿ ಲೆಕ್ಕ ಹಾಕಿಕೊಳ್ಳುತ್ತದೆ. ಬೆಳ್ಳಗೆ ಗುಂಡಗೆ ತೂಗುತ್ತಿದ್ದ ಬೂದುಗುಂಬಳವನ್ನು ಅದು ತೂಕವಿಲ್ಲದ ವಿದ್ಯುತ್ ದೀಪದ ಬುರುಡೆ ಎಂದುಕೊಂಡು ಲೆಕ್ಕದಿಂದ ಬಿಟ್ಟುಬಿಟ್ಟಿತ್ತು!

ಹೊಸ ಕಾಯಿ ಕಟ್ಟಿಸಿದಳು, ಟೊಳ್ಳು ಬಂತು. ಇಳಿಸಿದಳು, ಹೋಯಿತು. ಮೇಲಿದ್ದ ಕಾಯಿ ಮೋಡವನ್ನು ಮೇಲಕ್ಕೆ ಎಳೆಯುತ್ತಿತ್ತು. ಮೇಲಿನಿಂದ ಎಳೆದರೂ, ಕೆಳಗೆ ಎಳೆಯುವ ಬಂಡೆ ಇಲ್ಲದಿದ್ದರೂ ಯಂತ್ರಕ್ಕೆ ಎರಡೂ ಒಂದೇ.

ಮನೆ ಉಳಿಯಿತೆಂದು ತಿಳಿದ ಮುನಿರತ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಮನೆ ಕಾಯ್ಲಿ ಅಂತ ಕಟ್ಟಿದ್ದೇ ಮನೆ ಬಿಡಿಸ್ತಿತ್ತಲ್ಲಮ್ಮ!” ಆಮೇಲೆ ಯಂತ್ರವನ್ನೊಮ್ಮೆ ಅನುಮಾನದಿಂದ ನೋಡಿದಳು. “ಹಂಗಾದ್ರೆ ನಾನೂ ಎಳೀತೀನಾ?”

“ನೀವೂ ಎಳೀತೀರಮ್ಮ. ಇರೋರೆಲ್ಲ ಎಳೀತಾರೆ.”

ಆಕೆ ಕೊಳವೆಯ ಮಗ್ಗುಲಿಗೆ ಬಂದು ನಿಂತಳು. ಪರದೆಯ ಕೊನೆಯ ಅಂಕಿ ಕದಲಿತು. ಆಕೆಯ ಮುಖ ಅರಳಿತು. ಕುಂಬಳಕಾಯಿಯನ್ನೇನೂ ಬಿಡಲಿಲ್ಲ, ಅದು ತನ್ನ ಕೆಲಸ ಮಾಡಿದೆ, ಮನೆ ಉಳಿದಿದೆ ಎಂಬುದು ಆಕೆಯ ವಾದ. ಶಾರ್ವರಿ ಇನ್ನೊಂದು ದೋಸೆ ಹಾಕಿಸಿಕೊಂಡಳು.

ಅಲ್ಲಿಂದ ಮುಂದೆ ಅವಳು ಪರದೆಯನ್ನು ನಂಬುವ ಮುಂಚೆ ಒಮ್ಮೆ ತಲೆಯೆತ್ತಿ ನೋಡುತ್ತಿದ್ದಳು, ಮನೆಯವರನ್ನು ಮಾತಾಡಿಸುತ್ತಿದ್ದಳು.

ಅಷ್ಟು ಸೂಕ್ಷ್ಮದ ಯಂತ್ರ ನಮ್ಮ ಕಾಲೊನಿಗಳಿಗೆ ಇನ್ನೂ ಬಂದಿಲ್ಲ. ಎಳೆತ ಮಾತ್ರ ಇದ್ದೇ ಇದೆ. ನೀವು ಇದನ್ನು ಓದುತ್ತಿರುವ ಈ ಹೊತ್ತಿನಲ್ಲೂ ಪಕ್ಕದಲ್ಲಿ ಕೂತವರು ನಿಮ್ಮನ್ನು ಒಂದಿಷ್ಟು ತಮ್ಮ ಕಡೆಗೆ ಎಳೆಯುತ್ತಿದ್ದಾರೆ. ಯಾವುದಾದರೂ ಜಾಗವನ್ನು ಟೊಳ್ಳೆಂದು ಬರೆದುಬಿಡುವ ಮುಂಚೆ, ಅಲ್ಲಿರುವವರನ್ನು ಒಂದು ಮಾತು ಕೇಳಿ ನೋಡಿ.