ಹಿಂದಿನ ಎರಡು ಟೈರುಗಳು

ಸವೆತವಾಚಕದ ಉಕ್ಕಿನ ತೋಳು ಟೈರನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ ನಿಂತಿತು. ಬೆರಳಗಲದ ನೀಲಿ ಬೆಳಕೊಂದು ರಬ್ಬರಿನ ಮೇಲೆ ಹರಿದು ಆರಿತು. ಪರದೆಯ ಮೇಲೆ ಸಾಲುಗಳು ಮೂಡಿದವು: ‘ತಯಾರಾಗಿ ಆರು ವರ್ಷ. ಓಡಿದ್ದು ಮೂವತ್ತೊಂದು ಸಾವಿರ ಕಿಲೋಮೀಟರ್. ಎರಡು ಸಲ ಪಂಕ್ಚರ್. ರಸ್ತೆಗೆ ಯೋಗ್ಯ.’

“ಇದು ಮುಂದಿನ ಗಾಲಿಗೆ ಆತು ನೋಡ್ರಿ,” ಎಂದಳು ಅಂಬುಜಾ. “ಹಿಂದಿನವಕ್ಕ ಇಷ್ಟು ಚಲೋ ಬ್ಯಾಡ್ರಿ ಸರ್.”

ಡಾ. ಇಂದುಧರ ಹೊಂಬಳ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಹುಬ್ಬಳ್ಳಿಯ ಗಬ್ಬೂರು ಬೈಪಾಸಿನ ಹಳೆ ಟೈರಿನ ಸಂತೆಯಲ್ಲಿ ಅವರು ತಮ್ಮ ಯಂತ್ರವನ್ನು ತಂದಿಟ್ಟು ಎರಡು ತಿಂಗಳಾಗಿತ್ತು. ಕೆಟ್ಟ ಟೈರು ಬೇಕೆಂದು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಅವರ ಶೋಧನೆ ಕೇಳಲು ಸರಳವಾಗಿತ್ತು. ರಸ್ತೆಯ ಮೇಲೆ ಉರುಳುವ ರಬ್ಬರು ಪ್ರತಿ ಸಲವೂ ಅಷ್ಟಿಷ್ಟು ಬಿಸಿಯಾಗುತ್ತದೆ. ಬ್ರೇಕು ಹಾಕಿದಾಗ ಒಂದು ಬಗೆ, ತಿರುವಿನಲ್ಲಿ ಇನ್ನೊಂದು ಬಗೆ, ಒದ್ದೆ ರಸ್ತೆಯಲ್ಲಿ ಮತ್ತೊಂದು. ಆ ಬಿಸಿ ರಬ್ಬರಿನ ಒಳಪದರಗಳಲ್ಲಿ ಕಣ್ಣಿಗೆ ಕಾಣದ ಗೆರೆಯಾಗಿ ಉಳಿಯುತ್ತದೆ. ಮರದ ಕಾಂಡದ ಉಂಗುರ ಎಣಿಸಿ ಅದರ ವಯಸ್ಸು ಹೇಳುವಂತೆ, ಸವೆತವಾಚಕ ಈ ಗೆರೆಗಳನ್ನು ಓದಿ ಟೈರು ಪಟ್ಟ ಪಾಡನ್ನೆಲ್ಲ ಹೇಳುತ್ತಿತ್ತು. ಹಳೆ ಟೈರು ಕೊಳ್ಳುವ ಬಡವರು ಮೋಸ ಹೋಗಬಾರದು, ಮಳೆಯಲ್ಲಿ ಸಾಯಬಾರದು. ಹೊಂಬಳರಿಗೆ ಇದ್ದದ್ದು ಇದೊಂದೇ ಉದ್ದೇಶ.

“ಕೆಟ್ಟದ್ದು ಯಾಕ ಬೇಕು ತಂಗೀ?”

“ನಾ ಜಾರುಸವಾರಿ ಕಲಿಯಾಕತ್ತೀನ್ರಿ. ಡ್ರಿಫ್ಟ್ ಅಂತಾರಲ್ಲ, ಅದು. ತಿರುವಿನಾಗ ಗಾಡೀ ಹಿಂಭಾಗ ಬೇಕಂತನ ಜಾರಿಸಿ ಅಡ್ಡಡ್ಡ ಓಡಸೂದು. ಮುಂದಿನ ಟೈರ್ ರಸ್ತೆ ಹಿಡೀಬೇಕು, ಇಲ್ಲಂದ್ರ ಸ್ಟೇರಿಂಗ್ ಮಾತು ಕೇಳೂದಿಲ್ಲ. ಹಿಂದಿನವು ಜಾರಬೇಕು. ಹಳೇವು, ಕಲ್ಲಿನಂಗ ಗಟ್ಟಿ ಆದವು ಲಗೂನ ಜಾರ್ತಾವು, ಸಾವಕಾಶ ಸವೀತಾವು. ಕಲಿಯೋರಿಗೆ ಅವ ಸಾಕು.”

ಗಾಲಿಗಳನ್ನೂ ಅವಳು ಹಾಗೆಯೇ ಲೆಕ್ಕ ಹಾಕಿ ಆರಿಸಿದ್ದಳು. ಹಳೆ ಟ್ಯಾಕ್ಸಿಯಿಂದ ಬಿಚ್ಚಿದ, ಹದಿನಾಲ್ಕು ಇಂಚಿನ, ನಾಲ್ಕು ಬೋಲ್ಟಿನ ಕಬ್ಬಿಣದವು. ಹೊಳೆಯುವ ಅಲಾಯ್ ಗಾಲಿ ಕಟ್ಟೆಗೆ ತಾಗಿದರೆ ಸೀಳುತ್ತದೆ. ಕಬ್ಬಿಣದ್ದು ಬಾಗುತ್ತದೆ, ಸುತ್ತಿಗೆಯಿಂದ ಬಡಿದರೆ ನೆಟ್ಟಗಾಗುತ್ತದೆ. ಅವಳು ಬ್ಯಾಟರಿ ಬಸ್ಸುಗಳ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವಳು. ಬಾಗುವುದಕ್ಕೂ ಮುರಿಯುವುದಕ್ಕೂ ಇರುವ ಅಂತರ ಅವಳಿಗೆ ತಿಳಿದಿತ್ತು.

“ಹಿಂದಿನವಕ್ಕ ಎರಡು ಗಾಲಿ ಮನೀಂದ ತಂದೀನ್ರಿ,” ಎಂದಳು. ದನಿ ಸ್ವಲ್ಪ ಇಳಿದಿತ್ತು. “ನಮ್ಮ ಅಣ್ಣನ ಗಾಡೀವು. ಟೈರ್ ಸಮೇತ ಅದಾವು. ಇವನ್ನ ಓದಿ ಹೇಳ್ರಿ.”

ಅಣ್ಣ ದೀನಾನಾಥ ಮೆಹರವಾಡೆ ಕಾರವಾರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ. ಹತ್ತು ತಿಂಗಳ ಹಿಂದೆ, ಒಂದು ಭಾನುವಾರ, ರಜೆ ಮುಗಿಸಿ ಮರಳುವಾಗ ಅರಬೈಲು ಘಟ್ಟದಲ್ಲಿ ಅವನ ಕಾರು ಮಳೆಯಲ್ಲಿ ಕೆಳಗುರುಳಿತು. ಎದುರಿಗೆ ಬರುತ್ತಿದ್ದ ಲಾರಿಯವನು, ಕಾರಿನ ಹಿಂಭಾಗ ಅಡ್ಡಕ್ಕೆ ಬೀಸಿದ್ದನ್ನು ಕಂಡೆ ಎಂದ. ಆಟವಾಡಲು ಹೋಗಿ ಹೀಗಾಯಿತು ಎಂದು ಪೊಲೀಸರು ಕಾಗದದಲ್ಲಿ ಬರೆದರು. ದೀನಾನಾಥ ಒಂದೇ ಒಂದು ಸಲ ತಂಗಿಯ ಪಕ್ಕ ಕುಳಿತು ಜಾರುಸವಾರಿಯ ರುಚಿ ನೋಡಿದ್ದ, ಮನೆಗೆ ಬಂದು ಊಟದ ತಟ್ಟೆಯ ಮುಂದೆ ಅದನ್ನೇ ನೆನೆದು ನಕ್ಕಿದ್ದ. ಮಣ್ಣು ಮುಗಿಸಿ ಬಂದ ದಿನ ತಂದೆ ಹನುಮಂತಸಾ ಮಗಳಿಗೆ ಒಂದೇ ಮಾತು ಹೇಳಿದರು: “ನಿನ್ನ ಆಟ ಅವನ್ನ ತಿಂತು.” ಅವಳ ಸಾಮಾನನ್ನೆಲ್ಲ ಗುಜರಿಗೆ ಹಾಕಿದರು. ಅವಳ ಕಾರು ಕಂಡರೆ ಮುಖ ತಿರುಗಿಸಿದರು. ಆಮೇಲೆ ಮಾತೇ ಆಡಲಿಲ್ಲ.

ಇದನ್ನೆಲ್ಲ ಹೇಳಿ ಅಂಬುಜಾ, “ಅಂವ ಆಟ ಆಡಿದ್ನೋ ಇಲ್ಲೋ, ಅಷ್ಟ ತಿಳಿಬೇಕ್ರಿ ನನಗ,” ಎಂದಳು. ಕೆಟ್ಟ ಟೈರು ಬೇಕೆಂದದ್ದು ನೆಪ ಮಾತ್ರ ಎಂದು ಹೊಂಬಳರಿಗೆ ಆಗ ಅರ್ಥವಾಯಿತು.

ಯಂತ್ರ ಎರಡೂ ಟೈರುಗಳನ್ನು ಓದಿತು. ಹೊಂಬಳ ಪರದೆಯ ಕಡೆಗೆ ಬಾಗಿ ಒಂದೊಂದೇ ಸಾಲನ್ನು ಬಿಡಿಸಿ ಹೇಳತೊಡಗಿದರು.

“ತಯಾರಾಗಿ ಹನ್ನೆರಡು ವರ್ಷ. ಹನ್ನೊಂದು ವರ್ಷ ಎಲ್ಲೋ ಗೋದಾಮಿನಾಗ ಬಿದ್ದಾವು, ಓಡಿಲ್ಲ. ಅದಕ್ಕ ಗ್ರಿಪ್ ಹೊಸಾದ್ರಂಗ ಕಾಣಸ್ತೈತಿ. ಒಳಗ ರಬ್ಬರು ಒಣಗಿ ಕೊರಡು ಆಗೇತಿ. ಆಮ್ಯಾಲೆ ಒಂದು ದಿನ… ಇದೇನು ವಿಚಿತ್ರ. ಒಂದ ಜಾಗದಾಗ ಏಳು ಸುತ್ತು, ಎಲ್ಲಾ ಎಡಕ್ಕ, ಪೂರಾ ಅಡ್ಡಡ್ಡ ಜಾರಿಕೋತ.”

ಅಂಬುಜಾ ಪಕ್ಕದ ಟೈರಿನ ರಾಶಿಗೆ ಕೈ ಊರಿದಳು.

“ಅದಾದ ಮ್ಯಾಲೆ ರಸ್ತೆ. ತೊಂಬತ್ತೆರಡು ಕಿಲೋಮೀಟರ್. ಎಷ್ಟು ಹಗೂರ ಓಡಿಸ್ಯಾನ ನೋಡು, ಒಂದು ಜೋರು ಬ್ರೇಕ್ ಇಲ್ಲ. ಕಡೀ ನಲವತ್ತು ಮೀಟರ್ ಒದ್ದಿ ರಸ್ತೆ, ಇಳಿಜಾರು, ವೇಗ ಬರೇ ನಲವತ್ತೆರಡು. ಎಕ್ಸಲರೇಟರ್ ಒತ್ತಿಲ್ಲ. ಟೈರ್ ತಾನಽ ಕೈಬಿಟ್ಟೈತಿ.” ಹೊಂಬಳ ನೆಟ್ಟಗಾದರು. ಒಳ್ಳೆಯ ಸುದ್ದಿ ಕೊಟ್ಟ ಸಮಾಧಾನ ಅವರ ಮುಖದಲ್ಲಿತ್ತು. “ನಿಮ್ಮ ಅಣ್ಣ ಆಟ ಆಡಿಲ್ಲ ತಂಗೀ. ಅವಂದೇನೂ ತಪ್ಪಿಲ್ಲ.”

“ಆ ಏಳು ಸುತ್ತು ನಾ ಹೊಡದದ್ರಿ,” ಎಂದಳು ಅಂಬುಜಾ. “ಇವು ನನ್ನ ಟೈರು.”

ಇದೇ ಸಂತೆಯಲ್ಲಿ ಆರಿಸಿ ತಂದ ಜೋಡಿ ಅದು. ತಡೆಯಿಲ್ಲದೆ ಏಳು ಸುತ್ತು ಜಾರಲು ಸಾಧ್ಯವಾದ ಮೊದಲ ದಿನ ಅವಳು ಅವನ್ನು ಬಿಚ್ಚಿ, ತೊಳೆದು, ಮನೆಯ ಹಿತ್ತಲ ಗೋಡೆಗೆ ಒರಗಿಸಿ ಬೆಳಗಾವಿಗೆ ಕೆಲಸದ ಮೇಲೆ ಹೋಗಿದ್ದಳು. ಮೂರನೆಯ ದಿನ ಫೋನು ಬಂತು. ಆಮೇಲೆ ಟೈರುಗಳು ಕಾಣದಿದ್ದಾಗ, ಉಳಿದ ಸಾಮಾನಿನ ಜೊತೆ ಗುಜರಿಗೆ ಹೋದವೆಂದೇ ತಿಳಿದಿದ್ದಳು. ನುಜ್ಜಾದ ಕಾರಿನಿಂದ ಬಿಚ್ಚಿ ತಂದು ತಾಡಪತ್ರಿಯ ಕೆಳಗಿಟ್ಟಿದ್ದ ಅಣ್ಣನ ಗಾಲಿಗಳನ್ನು ಕಣ್ಣೆತ್ತಿ ನೋಡುವ ಧೈರ್ಯ ಇವತ್ತಿನವರೆಗೆ ಬಂದಿರಲಿಲ್ಲ.

ಅಷ್ಟರಲ್ಲಿ ಯಂತ್ರ ಸಣ್ಣಗೆ ಸದ್ದು ಮಾಡಿತು.

“ಅದೇನ್ರಿ?”

“ಅಪಾಯದ ಟೈರ್ ಸಿಕ್ಕರ ಗಾಡೀ ಮಾಲಕರಿಗೆ ಎಚ್ಚರಿಕೆ ಹೋಗ್ತೈತಿ. ಗಾಲಿಯೊಳಗ ಗುರುತಿನ ಬಿಲ್ಲೆ ಇರ್ತದಲ್ಲ, ಅದರಿಂದ ನಂಬರ್…” ಅವರು ಅರ್ಧಕ್ಕೆ ನಿಲ್ಲಿಸಿದರು. “ಗಾಡಿ ಯಾರ ಹೆಸರಿನಾಗ ಇತ್ತು?”

“ಅಪ್ಪನ ಹೆಸರಿನಾಗ. ನಿಲ್ಲಸ್ರಿ ಅದನ್ನ.”

ಹೊಂಬಳರ ಬೆರಳುಗಳು ಗುಂಡಿಗಳ ಮೇಲೆ ಓಡಾಡಿದವು. ಸಂದೇಶ ಆಗಲೇ ಹೋಗಿತ್ತು.

ಅವಳು ಮನೆ ಮುಟ್ಟಿದಾಗ ಹನುಮಂತಸಾ ಕಟ್ಟೆಯ ಮೇಲೆ ಕುಳಿತಿದ್ದರು, ಕೈಯಲ್ಲಿ ಫೋನು. ಎಂಟು ದಿನಕ್ಕೊಮ್ಮೆ ಬರುವ ನಲ್ಲಿ ನೀರು ಅಂದು ಬಂದಿತ್ತು. ಕೊಡ ತುಂಬಿ ಅಂಗಳಕ್ಕೆ ಹರಿಯುತ್ತಿದ್ದರೂ ಅವರು ಎದ್ದಿರಲಿಲ್ಲ.

“ಅಂಬೂ, ಇದೇನು ಓದು,” ಎಂದರು. ಹತ್ತು ತಿಂಗಳಲ್ಲಿ ಮೊದಲ ಮಾತು ಅದು.

ಅವಳು ಓದಿದಳು. ‘ನಿಮ್ಮ ವಾಹನದ ಹಿಂದಿನ ಎರಡು ಟೈರುಗಳು ಹಳತಾಗಿ ಗಟ್ಟಿಯಾಗಿವೆ. ಮಳೆಯಲ್ಲಿ ಜಾರುತ್ತವೆ. ನಿಮ್ಮ ಮತ್ತು ನಿಮ್ಮವರ ಸುರಕ್ಷತೆಗಾಗಿ ದಯವಿಟ್ಟು ಇಂದೇ ಬದಲಾಯಿಸಿ.’

“ಅವು ನನ್ನವು ಅಪ್ಪಾ. ಆಟಕ್ಕ ತಂದವು.”

“ನಿನ್ನವು ಅಂತ ಗೊತ್ತಿತ್ತು.” ಹನುಮಂತಸಾ ಹರಿಯುವ ನೀರನ್ನೇ ನೋಡುತ್ತಿದ್ದರು. “ಅವನ ಟೈರ್ ಬೋಳ ಆಗಿದ್ವು. ಘಟ್ಟದಾಗ ಮಳಿ ಹೊಡ್ಯಾಕತ್ತೇತಿ ಅಂತ ಸುದ್ದಿ. ಹಿತ್ತಲದಾಗ ನಿನ್ನವು ನೋಡಿದೆ, ಕೈಯಾಡಿಸಿದೆ, ಗ್ರಿಪ್ ತುಂಬ ಇತ್ತು. ಅಂವ ಬ್ಯಾಡ ಅಂದ, ಅಂಬೂನ್ನ ಕೇಳೂಣು ಅಂದ. ನಾನಽ ಹಾಕಿದೆ. ಈಗ ಆರಾಮ ಹೋಗು ಅಂತ ಕಳಸಿದೆ.”

“ಇವು ರಸ್ತೇಕ ಅಲ್ಲಂತ ನಾ ಬರದಿಡಬೇಕಿತ್ತು.”

“ಮೂವತ್ನಾಲ್ಕು ವರ್ಷ ಬಸ್ ಓಡಸೀನಿ. ನನಗ ಯಾರು ಬರದು ಹೇಳಬೇಕು?”

ತಂದೆ ಎಂದಾದರೊಂದು ದಿನ ತಪ್ಪು ಮಗಳದಲ್ಲವೆಂದು ಒಪ್ಪಿಕೊಂಡರೆ ಎದೆಯ ಭಾರ ಇಳಿದೀತೆಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಈಗ ಅವರು ಒಪ್ಪಿಕೊಂಡಿದ್ದರು. ಭಾರ ಇಳಿಯಲಿಲ್ಲ, ಅದನ್ನು ಹೊರಲು ಇನ್ನೊಬ್ಬರು ಬಂದಂತಾಯಿತು, ಅಷ್ಟೆ. ಅವಳು ಪಕ್ಕದಲ್ಲಿ ಕುಳಿತಳು. ನಲ್ಲಿ ತಾನಾಗಿ ನಿಲ್ಲುವವರೆಗೆ ಇಬ್ಬರೂ ಏಳಲಿಲ್ಲ.

ಮೂರನೆಯ ದಿನ ಹೊಂಬಳ ಮನೆ ಹುಡುಕಿಕೊಂಡು ಬಂದರು. ಚಹಾ ಮುಟ್ಟಲಿಲ್ಲ. ಟೈರು ಬದಲಿಸಲು ಸೋಮಾರಿತನ ಮಾಡುವವರನ್ನು ನೆನೆದು ಆ ಎಚ್ಚರಿಕೆಯ ಏರ್ಪಾಡು ಮಾಡಿದ್ದೆ, ಸತ್ತವರ ಟೈರು ಹೊತ್ತು ಬರುವವರು ಇರುತ್ತಾರೆಂದು ಒಂದು ಕ್ಷಣವೂ ಹೊಳೆಯಲಿಲ್ಲ, ಇನ್ನು ಮುಂದೆ ಕೇಳದೆ ಯಾವ ಸಂದೇಶವೂ ಹೋಗದು ಎಂದರು.

ಹನುಮಂತಸಾ ಎಲ್ಲವನ್ನೂ ಕೇಳಿಸಿಕೊಂಡು, “ಕಡೀಕ ಅಂವ ಹೆದರಿದ್ದನೇನ್ರಿ? ನಿಮ್ಮ ಯಂತ್ರಕ್ಕ ಅದು ತಿಳೀತೈತೇನು?” ಎಂದು ಕೇಳಿದರು.

“ಇಲ್ರಿ,” ಎಂದರು ಹೊಂಬಳ. “ರಬ್ಬರಿಗೆ ಅದು ತಿಳಿಯೂದಿಲ್ಲ.”

ಎರಡು ತಿಂಗಳು ಅವಳ ಜಾರುಸವಾರಿಯ ಕಾರು ಹಾಗೆಯೇ ನಿಂತಿತ್ತು. ಮಾರಿಬಿಡುತ್ತೇನೆ ಎಂದು ಅಂಬುಜಾ ಹೇಳಿದ ದಿನ ಹನುಮಂತಸಾ ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಸಂತೆಗೆ ಹೊರಟರು. ಮುಂದಿನ ಟೈರುಗಳನ್ನು ತಾವೇ ಆರಿಸಿದರು. ಇನ್ನೂ ಹಳತಾಗದವು, ಮೆತ್ತನೆಯವು. ಹಿಂದಿನವನ್ನು ಅವಳು ಆರಿಸುವಾಗ ದೂರ ಹೋಗಿ ನಿಂತರು.

ಊರಾಚೆಯ ಡಾಂಬರು ಬಯಲಿನಲ್ಲಿ ಅವಳು ಕಲಿಯುತ್ತಿದ್ದಷ್ಟು ಹೊತ್ತೂ ಅವರು ಓಟಕ್ಕೆ ಬೆನ್ನು ಹಾಕಿ ಕಲ್ಲಿನ ಮೇಲೆ ಕುಳಿತಿರುತ್ತಿದ್ದರು. ಅವಳು ಹಿಂದಿನ ಟೈರು ಬಿಚ್ಚಿದೊಡನೆ ಅದನ್ನು ಮಡಿಲಿಗೆಳೆದುಕೊಂಡು, ಚರ್ಮ ಕೊಯ್ಯುವ ಬಾಗುಚಾಕುವಿನಿಂದ ಎರಡೂ ಪಕ್ಕಗಳನ್ನು ಉದ್ದಕ್ಕೆ ಸೀಳಿಹಾಕುತ್ತಿದ್ದರು. ಸೀಳಿದ ಟೈರನ್ನು ಮತ್ತೆ ಯಾರೂ ಯಾವ ಗಾಡಿಗೂ ಹಾಕಲಾರರು.

ಬಳಸಿದ ಟೈರನ್ನು ಮತ್ತೆ ಸಂತೆಗೇ ಮಾರುತ್ತಿದ್ದ ಉಳಿದ ಕಲಿಕೆಯವರು ಮೊದಮೊದಲು ಇದನ್ನು ಹುಚ್ಚು ಎಂದರು. ಆಮೇಲೆ ಯಾರೋ ಒಬ್ಬ ಕಾರಣ ಕೇಳಿ ತಿಳಿದುಕೊಂಡ. ಮರುವಾರ ಅವನೇ ತನ್ನ ಎರಡು ಟೈರುಗಳನ್ನು ಉರುಳಿಸಿಕೊಂಡು ಬಂದು ಮುದುಕನ ಮುಂದೆ ನಿಲ್ಲಿಸಿದ. ಮಳೆಗಾಲ ಹಿಡಿಯುವ ಹೊತ್ತಿಗೆ ಎಲ್ಲರೂ ಹಾಗೆ ಮಾಡುತ್ತಿದ್ದರು. ಒಂದು ಟೈರೂ ಆ ಬಯಲು ದಾಟಿ ಇಡಿಯಾಗಿ ಹೊರಗೆ ಹೋಗುತ್ತಿರಲಿಲ್ಲ.

ಟೈರು ಸುಲಭಕ್ಕೆ ಸೀಳುವ ವಸ್ತುವಲ್ಲ. ಮನೆಗೆ ಬರುವಷ್ಟರಲ್ಲಿ ಹನುಮಂತಸಾ ಅವರ ಅಂಗೈ ಊದಿಕೊಂಡಿರುತ್ತದೆ. ಅಂಬುಜಾ ಎಣ್ಣೆ ಬಿಸಿ ಮಾಡಿ ತಂದು ತಿಕ್ಕುತ್ತಾಳೆ. ಅವರು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.